ಮೇಕೆಗೆ ಹೇಳಿದ ಪದ

ಬಿ.ಎ. ಓದುತ್ತಿದ್ದಾಗ ರಜೆ ಬಂದರೆ ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಊರಿಗಾಂನಲ್ಲಿದ್ದ ಅಣ್ಣನ ಮನೆಗೆ ಹೋಗುತ್ತಿದ್ದೆ. ಅಣ್ಣ ಚಿನ್ನದ ಗಣಿಯಲ್ಲಿ ಇಳಿಯುವ ಕೆಲಸಗಾರ. ಗಣಿಯ ನೋಟೀಸುಗಳೆಲ್ಲ ಇಂಗ್ಲಿಷಿನಲ್ಲಿ ಇರುತ್ತಿದ್ದವು. ಅವನ್ನು ಯಾರನ್ನೋ ಕೇಳಿ ಓದಿಸುವುದು ಅತ್ತಿಗೆಗೆ ಸೇರುತ್ತಿರಲಿಲ್ಲ. ಹಾಗಾಗಿ ನಾನಿರುವಷ್ಟು ದಿನ ಅವಳಿಗೆ ದಿನಕ್ಕೊಂದು ಪದ, ಅದನ್ನು ಬರೆಯುವ ಅಕ್ಷರ, ಅದರ ಅರ್ಥ, ಒಂದು ವಾಕ್ಯ ಕಲಿಸುವುದೆಂದು ಒಪ್ಪಂದವಾಯಿತು.

ಒಂದು ದಿನದ ಪದ ‘ಮಿಸ್ಸಿಂಗ್’. ಹಿಂದಿನ ಸಂಜೆ ಅವರ ಮೇಕೆ ಮನೆಗೆ ಬಂದಿರಲಿಲ್ಲ. ಬೆಳಿಗ್ಗೆ ಪಕ್ಕದ ಸಾಲಿನ ಮನೆಗಳ ಹತ್ತಿರ ಯಾರದೋ ಸೊಪ್ಪು ಮೇಯುತ್ತ ಸಿಕ್ಕಿತ್ತು. ವಾಕ್ಯಕ್ಕೆ ಅದನ್ನೇ ತೆಗೆದುಕೊಂಡೆ.

“ಇರಬೇಕಾದ ಜಾಗದಲ್ಲಿ ಇಲ್ಲ, ಎಲ್ಲಿದೆಯೋ ಗೊತ್ತಿಲ್ಲ. ಅಷ್ಟೇ ಅರ್ಥ.”

“ಸತ್ತೋಯ್ತು ಅಂತಲ್ವಾ?”

“ಅಲ್ಲ. ಅದಕ್ಕೆ ಬೇರೆ ಪದ ಇದೆ.”

ಈ ಪಾಠ ನಿಜಕ್ಕೂ ಮೊದಲು ನಡೆಯಿತೋ, ಅಥವಾ ಮುಂದಿನದೆಲ್ಲ ಆದ ಮೇಲೆ ನನ್ನ ನೆನಪು ಅದನ್ನು ತಂದು ಮುಂದೆ ಕೂರಿಸಿತೋ ಎಂಬ ಅನುಮಾನ ನನಗೆ ಬಹಳ ವರ್ಷ ಇತ್ತು. ಕೊನೆಗೆ ಹಳೆಯ ದಿನಚರಿ ತೆಗೆದು ನೋಡಿದೆ. ಪಾಠ ಸೋಮವಾರ, ಗಣಿಯದು ಗುರುವಾರ. ಈ ಮಟ್ಟಿಗೆ ನೆನಪು ಸರಿ.

ಗುರುವಾರ ಮಧ್ಯಾಹ್ನ ಅಟ್ಟಣಿಗೆಯ ಮೇಲಿನ ಪಾತ್ರೆಗಳು ಗಡಗಡ ಅಲುಗಿದವು. ನೆಲದಾಳದಲ್ಲಿ ಬಂಡೆ ಸಿಡಿದರೆ ಆ ಸಾಲಿನ ಮನೆಗಳಿಗೆ ಮೊದಲು ಸುದ್ದಿ ಹೇಳುತ್ತಿದ್ದುದು ಪಾತ್ರೆಗಳೇ. ಅತ್ತಿಗೆ ಒಲೆಗೆ ನೀರು ಚೆಲ್ಲಿ ಹೊರಟಳು. ಗಣಿಯ ಕಚೇರಿಯವರೆಗೆ ನಾನು ಅವಳ ಹಿಂದೆ ಓಡಿದೆ.

ಗಣಿಗೆ ಇಳಿಯುವ ಪ್ರತಿಯೊಬ್ಬನ ಬಳಿಯೂ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ಇರುತ್ತಿತ್ತು. ಮೇಲೆ ಬಂದವನು ಅದನ್ನು ಕಚೇರಿಯ ಕಿಟಕಿಯಲ್ಲಿ ಕೊಡಬೇಕು. ಗುಮಾಸ್ತ ಹಲಗೆಯ ಮೊಳೆಗೆ ನೇತುಹಾಕುತ್ತಾನೆ. ಅಣ್ಣನ ಮೊಳೆ ಖಾಲಿ ಇತ್ತು. ಸಂಜೆಯ ಹೊತ್ತಿಗೆ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ನಾನು ಓದುವ ಮೊದಲೇ ಅತ್ತಿಗೆ ತಲೆಬರಹದ ಮೇಲೆ ಬೆರಳಿಟ್ಟಿದ್ದಳು. ಕೆಳಗಿದ್ದ ನಾಲ್ಕು ನಂಬರುಗಳಲ್ಲಿ ಒಂದು ಅಣ್ಣನದು.

“ಇದು ಮೇಕೆ ಪದ ಅಲ್ವೇನಪ್ಪಾ?”

“ಹೌದು.”

“ಇನ್ನೊಂದು ಪದ ಐತೆ ಅಂದ್ಯಲ್ಲ. ಅದನ್ನ ಎಲ್ಲಾದ್ರೂ ಬರ್ದವ್ರಾ, ಸರಿಯಾಗ್ ನೋಡು.”

ಇಡೀ ಕಾಗದ ಓದಿದೆ. “ಇಲ್ಲ.”

ಅವಳು ಅಲ್ಲೇ ಕಲ್ಲಿನ ಮೇಲೆ ಕುಳಿತಳು. ನಾನು ಹೇಳಿಕೊಟ್ಟ ಅರ್ಥವನ್ನು ಅವಳು ನಂಬಿದ್ದಳು, ನಾನು ನಂಬಿರಲಿಲ್ಲ. ಮನಸ್ಸಿನಲ್ಲಿ ಆಗಲೇ ಊರಿಗೆ ಕೊಡಬೇಕಾದ ತಂತಿಯನ್ನು ಬರೆಯುತ್ತಿದ್ದೆ. ಇದು ದಿನಚರಿಯಲ್ಲಿ ಇಲ್ಲ, ಬರೆಯಲು ನಾಚಿಕೆಯಾಗಿರಬೇಕು.

ದೀಪ ಹಚ್ಚುವ ಹೊತ್ತಿಗೆ ಅಣ್ಣ ಬಂದ. ಗಣಿಗೆ ಇಳಿದು ಹತ್ತುವ ಶಾಫ್ಟಿನ ಕಡೆಯಿಂದಲ್ಲ, ನಮ್ಮ ಬೆನ್ನ ಹಿಂದಿನ ರಸ್ತೆಯಿಂದ. ಮೈಯೆಲ್ಲ ಬೂದಿ ಬಣ್ಣ. ಅವನ ಹಿಂದೆಯೇ ಕಾಗದದಲ್ಲಿದ್ದ ಇನ್ನು ಮೂವರೂ ಬಂದರು. ದಾರಿ ಮುಚ್ಚಿಹೋದಾಗ ನಾಲ್ವರೂ ಒಳಗಿಂದೊಳಗೆ ಪಕ್ಕದ ಗಣಿಗೆ ನಡೆದು, ಅಲ್ಲಿ ಮೇಲೆ ಹತ್ತಿದ್ದರು.

“ಬಿಲ್ಲೆ ಎಲ್ಲಿ?” ಎಂದಳು ಅತ್ತಿಗೆ. ಮೊದಲ ಮಾತು ಅದೇ.

“ಅಲ್ಲಿನ ಕಿಟಕೀಲಿ ಕೊಟ್ಟೆ. ಮೇಲಕ್ ಬಂದೋನು ಬಿಲ್ಲೆ ಕೊಡ್ಬೇಕಲ್ವಾ?”

ಅಭ್ಯಾಸದ ಬಲ. ಮೇಲೆ ಬಂದ ನಾಲ್ವರೂ ಕಂಡ ಕಿಟಕಿಗೆ ಬಿಲ್ಲೆ ಒಪ್ಪಿಸಿ, ನೀರು ಕುಡಿದು, ಸುಧಾರಿಸಿಕೊಂಡು ನಡೆದು ಬಂದಿದ್ದರು. ಇಲ್ಲಿ ಯಾರಿಗೂ ಸುದ್ದಿ ಮುಟ್ಟಿರಲಿಲ್ಲ.

“ಮೇಕೆಗಾದ್ರೂ ಪಕ್ಕದ್ ಸಾಲಲ್ಲಿ ಸೊಪ್ಪಿತ್ತು,” ಎಂದಳು ಅತ್ತಿಗೆ. “ನಿನಗೇನಿತ್ತು ಅಲ್ಲಿ?”

“ಈಗ್ಯಾಕೆ ಬಂತು ಮೇಕೆ?” ಎಂದು ಅಣ್ಣ ನನ್ನ ಮುಖ ನೋಡಿದ. ನನಗೆ ನಗು ಬಂತು. ನಿಲ್ಲಿಸಲು ಆಗಲಿಲ್ಲ.

ಗುಮಾಸ್ತ ಬಂದು ಕಾಗದದ ಮೇಲಿನ ನಂಬರು ಹೊಡೆದುಹಾಕುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ದಾರಿಯಲ್ಲಿ, “ನಾಳೆ ಯಾವ್ದಾದ್ರೂ ತರಕಾರಿ ಹೆಸರು ಕಲ್ಸಪ್ಪಾ, ಸಾಕು,” ಎಂದಳು.

ದಿನಚರಿಯ ಆ ಪುಟದಲ್ಲಿರುವುದು ಎರಡೇ ಸಾಲು. ಅಣ್ಣ ಬಂದ. ಅರ್ಥ ಸರಿಯಾಗಿಯೇ ಹೇಳಿಕೊಟ್ಟಿದ್ದೆ.