ಓಣಿಗೆ ಬಂದ ಬದನೆಕಾಯಿ

ಮುಗದ ಹಳ್ಳಿಯ ದುರಗವ್ವನಿಗೆ ಹೆದರಿಕೆಗಿಂತ ಸಿಟ್ಟು ಜಾಸ್ತಿ. ತಲೆಯ ಮೇಲೆ ಕಾಯಿಪಲ್ಲೆ ಬುಟ್ಟಿ ಹೊತ್ತು ದಿನಾ ಧಾರವಾಡದ ಓಣಿ ಸುತ್ತುವ ಅವಳಿಗೆ ಪೊಲೀಸರೆಂದರೆ ಮೈಯೆಲ್ಲ ಉರಿ. ಅವರ ಕಡುನೀಲಿ ಅಂಗಿ, ಉಬ್ಬಿದ ಹೊಟ್ಟೆ ನೋಡಿ ‘ಬದನಿಕಾಯಿ’ ಎಂದು ಹೆಸರಿಟ್ಟವಳೂ ಅವಳೇ.

ನಲವತ್ತೆರಡರ ಚಳವಳಿಯಲ್ಲಿ ಆ ಹೆಸರು ಕೆಲಸಕ್ಕೆ ಬಂತು. ಗಿರಾಕಿ ಕಾಶೀಬಾಯಿಯ ಮೈದುನ ತ್ರ್ಯಂಬಕ ಪೊಲೀಸರ ಕಣ್ತಪ್ಪಿಸಿ ಮನೆಯ ಅಟ್ಟದಲ್ಲಿ ಅಡಗಿದ್ದ. ಓಣಿಯ ತುದಿಯಲ್ಲಿ ನೀಲಿ ಅಂಗಿ ಕಂಡರೆ ಸಾಕು, ದುರಗವ್ವ "ಬದನಿಕಾಯೀ!" ಎಂದು ಕೂಗುವಳು, ತ್ರ್ಯಂಬಕ ಹಿತ್ತಲ ಗೋಡೆ ಹಾರುವನು.

ಒಂದು ಮುಂಜಾನೆ ಹಾಗೆ ಕೂಗಿದ್ದೇ ತಡ, ಹವಾಲ್ದಾರ ಹೊಳೆಯಪ್ಪ ಜೊತೆಯವರನ್ನು ಮುಂದೆ ಕಳಿಸಿ ಅವಳ ಬುಟ್ಟಿಯ ಬಳಿ ನಿಂತ. ದುರಗವ್ವ ಬುಟ್ಟಿ ಕೆಳಗಿಳಿಸಿದಳು.

"ಯವ್ವಾ, ಇದು ಬ್ರಾಹ್ಮಣರ ಓಣಿ. ಚಾತುರ್ಮಾಸದಾಗ ಇಲ್ಲಿ ಬದನಿಕಾಯಿ ಯಾರ್ ತಿಂತಾರ ಬೇ?" ಎಂದು ಮೆಲ್ಲಗೆ ಕೇಳಿದ.

ದುರಗವ್ವ ನಾಲಿಗೆ ಕಚ್ಚಿಕೊಂಡಳು. ಸಿಟ್ಟಿನ ಭರದಲ್ಲಿ ಗಿರಾಕಿಗಳ ವ್ರತವನ್ನೇ ಮರೆತಿದ್ದಳು.

"ನಮ್ಮ ಫೌಜದಾರ ಸಾಹೇಬ್ರೂ ಅದ ವ್ರತದವ್ರು. ಇವತ್ತಿಲ್ಲಾ ನಾಳಿ ಅವ್ರಿಗೆ ಈ ಕೂಗಿನ ಗುಟ್ಟು ತಿಳೀತೈತಿ," ಎಂದ ಹೊಳೆಯಪ್ಪ, ಬುಟ್ಟಿಯಿಂದ ಒಂದು ಹೀರೇಕಾಯಿ ಎತ್ತಿ ಅವಳ ಕೈಗಿಟ್ಟ. "ನಾಳಿಂದ ಇದನ್ನ ಕೂಗು."

ಮರುದಿನದಿಂದ ಓಣಿಯ ಪಾಲಿಗೆ ಪೊಲೀಸರು ಹೀರೇಕಾಯಿಯಾದರು. ಸ್ವಾತಂತ್ರ್ಯ ಬಂದ ಮೇಲೂ ಮಕ್ಕಳು ಹಾಗೇ ಕರೆಯುತ್ತಿದ್ದರು. ಹೀರೇಕಾಯಿಗೂ ಪೊಲೀಸರಿಗೂ ಎಲ್ಲಿಯ ಹೋಲಿಕೆ ಎಂದು ಯಾರಾದರೂ ಕೇಳಿದರೆ ದುರಗವ್ವ ನಗುತ್ತಿದ್ದಳು.

"ನನ್ನ ಯಾಕ ಕೇಳ್ತೀರಿ? ಆ ಹೆಸರು ಇಟ್ಟಾವ ಪೊಲೀಸನ ರೀ!"