ಆದಮ್ಮನ ಮುಗಿಯದ ನವಿಲು

ಆದಮ್ಮನಿಗೆ ಹಿಡಿದ ಕೆಲಸ ಮುಗಿಸಲು ಬರುವುದಿಲ್ಲ ಎಂದು ಅವಳ ತವರಿನವರು ಈಗಲೂ ಹೇಳುತ್ತಾರೆ. ನಾನು ಅವಳ ಪಕ್ಕದಲ್ಲಿ ಕೂತು ಪಿಯುಸಿ ಓದಿದವಳು. ಅವಳು ರೊಟ್ಟಿ ಬಡಿದರೆ ಕೊನೆಯ ಹಿಟ್ಟಿನ ಉಂಡೆಯವರೆಗೂ ಒಂದೇ ದುಂಡು, ಒಂದೇ ತೆಳುವು. ನನಗೆ ಗೊತ್ತಿದ್ದಂತೆ ಅವಳ ಕೈಯಲ್ಲಿ ಮುಗಿಯದೆ ಉಳಿದದ್ದು ಒಂದೇ, ಗಾಜಿನ ಮೇಲಿನ ನವಿಲು.

ಸಿಂಧನೂರಿನಲ್ಲಿ ನಮ್ಮದೂ ಅವರದೂ ಒಂದೇ ಓಣಿ. ತೊಂಬತ್ಮೂರರಲ್ಲಿ ಪಿಯುಸಿ ಮುಗಿದಾಗ ನಾನು ಬಿ.ಎ.ಗೆ ಸೇರಿದೆ, ಅವಳನ್ನು ಮನೆಯಲ್ಲಿ ನಿಲ್ಲಿಸಿದರು. ಆಮೇಲೆ ಅವಳಿಗೆ ಹೊರಗು ಎಂದರೆ ನಳದ ಕಟ್ಟೆ, ಇಲ್ಲವೇ ಮಾಳಿಗೆ. ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಮಾಳಿಗೆಯ ಕಟ್ಟೆಯ ಮೇಲೆ ಗದ್ದ ಊರಿಕೊಂಡು ನಿಂತಿರುತ್ತಿದ್ದಳು.

"ಶಂಶಾದ, ಇವತ್ತೇನು ಹೇಳಿದ್ರು ಕಾಲೇಜಿನ್ಯಾಗ?"

ನಾನು ಕೆಳಗೆ ನಿಂತು ಹೇಳುತ್ತಿದ್ದೆ. ಅವಳು ಒಣಗಿದ ಬಟ್ಟೆಯ ಜೊತೆ ಅದನ್ನೂ ಮಡಚಿಕೊಂಡವಳಂತೆ ಕೆಳಗೆ ಇಳಿದು ಹೋಗುತ್ತಿದ್ದಳು.

ಹೆಣ್ಣು ನೋಡಲು ಬಂದವರ ಕಣ್ಣಿಗೆ ಬೀಳುವಂತೆ ಹುಡುಗಿಯ ಕೈಗೆಲಸವನ್ನು ಪಡಸಾಲೆಯ ಗೋಡೆಗೆ ತೂಗುಹಾಕುವುದು ನಮ್ಮ ಕಡೆಯ ರೂಢಿ. ಮೊದಲು ಮಣಿ ಪೋಣಿಸಿದ ಗಿಳಿ ಇರುತ್ತಿತ್ತು, ದಾರದಲ್ಲಿ ಹೆಣೆದ ಬಾತುಕೋಳಿ ಇರುತ್ತಿತ್ತು. ನಮ್ಮ ಕಾಲಕ್ಕೆ ಗ್ಲಾಸ್ ಪೇಂಟಿಂಗ್ ಬಂತು. ಆಂಧ್ರದಿಂದ ಬಂದು ಕಾಲುವೆ ನೀರಿನ ಜೊತೆ ಇಲ್ಲಿಯೇ ನೆಲೆಸಿದ ಮನೆತನದ ಸತ್ಯವತಿ ಎಂಬವರು ತಮ್ಮ ಅಕ್ಕಿ ಗಿರಣಿಯ ಮೇಲಿನ ಕೋಣೆಯಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಕಲಿಸುತ್ತಿದ್ದರು. ಆದಮ್ಮನನ್ನೂ ಕರೆದೊಯ್ಯಬೇಕೆಂದು ನಾನೇ ಹೋಗಿ ಅವಳ ಅವ್ವ ತಿಮ್ಮವ್ವನನ್ನು ಕೇಳಿದೆ.

"ಕಾಕಿ, ನಾ ಸೇರೀನಿ. ಆದಮ್ಮನ್ನೂ ಕಳಸ್ರಿ. ಕೈ ಹಿಡದು ಒಯ್ದು ಕೈ ಹಿಡದು ತರ್ತೀನಿ."

ತಿಮ್ಮವ್ವ ಜೋಳದ ಮೊರದಿಂದ ತಲೆ ಎತ್ತಲಿಲ್ಲ. "ಗ್ವಾಡಿಗೆ ಒಂದು ಆದ್ರ ಸಾಕು. ಅದು ಮುಗೀತಂದ್ರ ಗಂಡಿನವರಿಗೆ ಹೇಳಿ ಕಳಸ್ತೀವಿ. ಆಮ್ಯಾಲ ಕ್ಲಾಸು ಗೀಸು ಅನ್ನಬ್ಯಾಡ್ರಿ ಮತ್ತ."

ಆದಮ್ಮ ಒಳಗಿನ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು.

ಸತ್ಯವತಿ ಅಕ್ಕ ಚಿತ್ರದ ಹಾಳೆಗಳನ್ನು ನೆಲದ ಮೇಲೆ ಹರಡಿದರು. ಹಾಳೆಯ ಮೇಲೆ ಗಾಜು ಇಟ್ಟು, ಟ್ಯೂಬಿನಿಂದ ಕಪ್ಪು ಗೆರೆ ಎಳೆದು, ಅದು ಒಣಗಿದ ಮೇಲೆ ಗೆರೆಗಳ ನಡುವೆ ಬಣ್ಣ ತುಂಬಬೇಕು. ಕೊನೆಗೆ ಹಿಂದೆ ಬೆಳ್ಳಿ ಹಾಳೆಯನ್ನು ಮುದುಡಿ ಇಟ್ಟು ಕಟ್ಟು ಹಾಕಿಸಿದರೆ ಬಣ್ಣದೊಳಗಿಂದ ಬೆಳಕು ಒಡೆಯುತ್ತದೆ. ನಾನು ಹೂಬುಟ್ಟಿ ಆರಿಸಿದೆ. ಆದಮ್ಮ ನವಿಲಿನ ಹಾಳೆ ಎತ್ತಿಕೊಂಡಳು.

"ಅಮ್ಮಾಯಿ, ಅದು ಬೇಡಮ್ಮಾ. ಗರಿ ಎಷ್ಟಿವೆ ನೋಡು. ಮೊದಲು ಹಂಸ ಮಾಡು."

"ಇರ್ಲಿರಿ ಅಕ್ಕಾರ. ನನಗ ಗರಿ ಬಾಳ ಇದ್ದದ್ದ ಬೇಕು."

ಮಳೆಗಾಲ ಮುಗಿಯುವುದರೊಳಗೆ ನನ್ನ ಹೂಬುಟ್ಟಿ ಕಟ್ಟು ಹಾಕಿಸಿಕೊಂಡು ಮನೆಯ ಗೋಡೆಗೆ ಏರಿತು. ಮೂಲೆಯಲ್ಲಿ ನನ್ನ ಹೆಸರು ಬರೆದಿದ್ದೆ. ಆದಮ್ಮನ ನವಿಲಿಗೆ ಕುತ್ತಿಗೆ ತುಂಬಿತ್ತು, ಎದೆ ತುಂಬಿತ್ತು, ಗರಿ ಮಾತ್ರ ಅರ್ಧಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಒಂದು ದಿನ ತುಂಬಿದ್ದನ್ನು ಮುಂದಿನ ಕ್ಲಾಸಿಗೆ ಬಂದು ಬ್ಲೇಡಿನಿಂದ ಕೆರೆಯುತ್ತಿದ್ದಳು. ಅಕ್ಕ ಕೇಳಿದರೆ ಹೊಟ್ಟಿನ ಧೂಳು ತೋರಿಸುತ್ತಿದ್ದಳು. ಗಿರಣಿಯ ಧೂಳು ನಿಜವಾಗಿಯೂ ಹಸಿ ಬಣ್ಣದ ಮೇಲೆ ಕೂತು ಅಕ್ಕಿ ನುಚ್ಚಿನಂತೆ ಅಂಟಿರುತ್ತಿತ್ತು. ಆದರೆ ಎಲ್ಲರ ಗಾಜುಗಳೂ ಅದೇ ಕೋಣೆಯಲ್ಲಿ ಒಣಗುತ್ತಿದ್ದವು. ಅವಳ ಗಾಜು ಮಾತ್ರ ಕಿಟಕಿಯ ಕೆಳಗೆ ಇರುತ್ತಿತ್ತು, ಮತ್ತು ಹೊರಡುವಾಗ ಕಿಟಕಿಯ ಅಗುಳಿ ತೆಗೆಯುವ ಕೈಯೂ ಅವಳದೇ.

ಒಂದು ಸಂಜೆ ಕಾಲುವೆ ದಂಡೆಯ ಮೇಲೆ ಕಾಗದದಲ್ಲಿ ಕಟ್ಟಿಸಿಕೊಂಡ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತ ಬರುವಾಗ ಕೇಳಿಯೇಬಿಟ್ಟೆ.

"ಲೇ, ಚಂದ ಆಗಿತ್ತಲ್ಲ, ಯಾಕ ಕೆರದಿ?"

"ಧೂಳು ಕುಂತಿತ್ತು."

"ಕಿಟಕಿ ತಗದಾಕಿ ನೀನ."

ಅವಳು ಮಿರ್ಚಿಯ ತೊಟ್ಟನ್ನು ಕಾಲುವೆಗೆ ಎಸೆದು ಅದು ತೇಲಿ ಹೋಗುವುದನ್ನು ನೋಡಿದಳು. "ಅದು ಗ್ವಾಡಿಗೆ ಹತ್ತಿದ ದಿನ ನಾ ಒಳಗ ಕುಂತಂಗ. ನಿನಗ ತಿಳೀವಲ್ದೇನು? ಈ ದಂಡಿ ಮ್ಯಾಲ ಇನ್ನೊಂದೀಟು ದಿನ ಅಡ್ಡಾಡ್ತೀನಿ."

ನಾನು ಆಮೇಲೆ ಆ ಮಾತು ಎತ್ತಲಿಲ್ಲ. ನಡಿಗೆಯನ್ನು ಮಾತ್ರ ನಿಧಾನ ಮಾಡಿದೆ.

ತಿಮ್ಮವ್ವನಿಗೆ ಸಹನೆ ಕಡಿಮೆಯಾಗುತ್ತಿತ್ತು. "ಏನವ್ವ, ಇನ್ನಾ ಗರಿ ಬರವಲ್ದೇನು ಅದಕ್ಕ? ಅಡವ್ಯಾಗಿನ ನವಿಲಾಗಿದ್ರ ಇಷ್ಟೊತ್ತಿಗೆ ಕುಣದು, ಮರಿ ಮಾಡಿ, ಮುದುಕಿ ಆಗ್ತಿತ್ತು."

"ಬಣ್ಣ ಒಣಗಬೇಕವ್ವ. ನಿಧಾನದ ಕೆಲಸ ಅದು," ಎನ್ನುತ್ತಿದ್ದಳು ಆದಮ್ಮ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕಾಲೇಜಿನಿಂದ ಬಂದು ನೋಡಿದರೆ ನಮ್ಮ ಗೋಡೆಯ ಮೇಲೆ ಮೊಳೆ ಮಾತ್ರ ಉಳಿದಿತ್ತು.

"ತಿಮ್ಮವ್ವ ಬಂದು ಒಯ್ದಳು," ಎಂದಳು ನಮ್ಮಮ್ಮ ಹುಸೇನ್‌ಬೀ. "ಲಿಂಗಸುಗೂರಿಂದ ಗಂಡಿನವರು ಬರಾಕತ್ಯಾರಂತ. ಆದಮ್ಮಂದು ಇನ್ನಾ ಆಗಿಲ್ಲಲ್ಲ. ಶುಭಕಾರ್ಯಕ್ಕ ಬಂದು ಕೇಳಿದ್ರ ಇಲ್ಲ ಅಂತಾರೇನು ಬೇಟಿ?"

ಸೀರೆ, ಸರ, ದೊಡ್ಡ ಪಾತ್ರೆ ಎಲ್ಲವೂ ಓಣಿಯಲ್ಲಿ ಹಾಗೆಯೇ ಓಡಾಡುವ ವಸ್ತುಗಳು. ಕೈಗೆಲಸವೂ ಓಡಾಡುತ್ತದೆ ಎಂಬುದನ್ನು ನಾವಿಬ್ಬರೂ ಮರೆತಿದ್ದೆವು.

ನಾನು ಆದಮ್ಮನ ಮನೆಗೆ ಹೋಗುವಷ್ಟರಲ್ಲಿ ಗಂಡಿನವರು ಬಂದು ಕೂತಿದ್ದರು. ಪಡಸಾಲೆಯ ನಟ್ಟನಡುವೆ ನನ್ನ ಹೂಬುಟ್ಟಿ. ಹೆಸರಿದ್ದ ಮೂಲೆಯ ಮೇಲೆ ತಿಮ್ಮವ್ವ ಪ್ಲಾಸ್ಟಿಕ್ ಹೂವಿನ ಸರ ಇಳಿಬಿಟ್ಟಿದ್ದಳು. ಗಂಡಿನ ತಾಯಿ ಎದ್ದು ಹೋಗಿ ಗಾಜನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಹುಡುಗಿ ಕೈಲೆ ಆಗಿದ್ದೇನು?"

"ಹೂಂ ರೀ, ಆಕೀದ. ಉಣ್ಣೂದು ಬಿಟ್ಟು ಕುಂದರ್ತಾಳ."

"ಒಳಗೂ ಹೂ, ಮ್ಯಾಲೂ ಹೂ ಹಾಕೀರಲ್ಲ," ಎಂದು ಅವರು ನಕ್ಕರು. ತಿಮ್ಮವ್ವನೂ ನಕ್ಕಳು.

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆದಮ್ಮ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಉಗುರಿನ ಸಂದಿಯಲ್ಲಿ ನವಿಲಿನ ನೀಲಿ ಉಳಿದಿತ್ತು. ನನ್ನ ಬುಟ್ಟಿಯಲ್ಲಿ ಕೆಂಪು, ಹಳದಿ, ಹಸಿರು ಇದ್ದವು. ನೀಲಿ ಎಲ್ಲಿಯೂ ಇರಲಿಲ್ಲ. ಆ ಪಡಸಾಲೆಗೆ ಅಷ್ಟು ಜನ ಹುಡುಗಿಯನ್ನು ನೋಡಲೆಂದೇ ಬಂದಿದ್ದರು.

ಬೇಸಿಗೆಯಲ್ಲಿ ಮದುವೆಯಾಯಿತು. ಬೀಗರು ಕೇಳಿದರೆಂದು ಹೂಬುಟ್ಟಿಯೂ ಅವಳ ಜೊತೆ ಲಿಂಗಸುಗೂರಿಗೆ ಹೋಯಿತು. ಅರ್ಧ ನವಿಲು ಗಿರಣಿಯ ಮೇಲಿನ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿತು.

ಮರುವರ್ಷ ಅವಳ ಅತ್ತೆಯಿಂದ ಹೇಳಿಕೆ ಬಂತು: ಸೊಸೆಯ ಗೆಳತಿ ಬರುವುದಾದರೆ ಒಂದು ಗಾಜು, ಬಣ್ಣ ತರಲಿ. ನಾನು ಗಾಜನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ.

"ಏನದು, ಕನ್ನಡಿ ಏನಮ್ಮ?" ಎಂದ ಕಂಡಕ್ಟರ್.

"ಬರೇ ಗಾಜು ರೀ."

"ಹಂಗಾದ್ರ ಮಸ್ಕಿ ತನಕ ದೇವರು ನೋಡ್ಕೋಬೇಕು. ಈ ರೋಡು ನನ್ನ ಮಾತು ಕೇಳಂಗಿಲ್ಲ."

ಮಸ್ಕಿಯಲ್ಲಿ ಬಸ್ಸು ನಿಂತಾಗ ದುಪಟ್ಟಾ ಸರಿಸಿ ನೋಡಿದೆ. ಒಡೆದಿರಲಿಲ್ಲ. ಅದರೊಳಗಿಂದ ನನ್ನದೇ ಮೊಣಕಾಲು ಕಂಡಿತು.

ಲಿಂಗಸುಗೂರಿನ ಆ ಮನೆಯವರು ಒಳ್ಳೆಯವರು. ಅತ್ತೆ ಬಾಯಿತುಂಬ ಮಾತಾಡಿಸಿದರು, ಬಿಸಿ ರೊಟ್ಟಿ ಹಾಕಿಸಿದರು. ಆದರೆ ಆ ಮನೆಗೆ ಮಾಳಿಗೆ ಏರುವ ಮೆಟ್ಟಿಲು ಇರಲಿಲ್ಲ. ನೀರು ಒಳಗೇ ಬರುತ್ತಿತ್ತು. ನಮ್ಮೂರಿನ ನಳದ ಕಟ್ಟೆಯ ಜಗಳಗಳು ನನಗೆ ಸುಮ್ಮನೆ ನೆನಪಾದವು.

"ನಮ್ಮ ಸೂಗಮ್ಮನ್ನ ನೋಡಾಕ ಮಸ್ಕಿಯವರು ಬರೋರದಾರ," ಎಂದರು ಅತ್ತೆ. "ಆ ಹೂಬುಟ್ಟಿ ತೋರಸಾಕ ಬರಂಗಿಲ್ಲ. ಮದಿವಿಗಿ ಬಂದಾಗ ಸೊಸೀದು ಅಂತ ನೋಡಿ ಹೋಗ್ಯಾರ. ಅದಕ್ಕ ಸೂಗಿದು ಒಂದು ಆಗಬೇಕು. ಆದಮ್ಮ ಕುಂತು ಮಾಡಿಸ್ಲಿ."

ಸೂಗಮ್ಮ ಆದಮ್ಮನ ನಾದಿನಿ, ಆಗ ಪಿಯುಸಿ ಮೊದಲ ವರ್ಷದಲ್ಲಿದ್ದಳು. ಪುಸ್ತಕದ ಚೀಲವನ್ನು ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ.

"ಎಷ್ಟು ದಿನ ಹಿಡೀತದವ್ವ ಇದು?" ಎಂದು ಅತ್ತೆ ಆದಮ್ಮನನ್ನು ಕೇಳಿದರು.

"ನಿಧಾನದ ಕೆಲಸ ರೀ ಅತ್ತಿ. ಬಣ್ಣ ಒಣಗಬೇಕು. ಶಂಶಾದ ನಡನಡುವ ಬಂದು ತೋರಿಸಿಕೊಟ್ರ ಆಗ್ತದ."

ಅತ್ತೆ ತಲೆಯಾಡಿಸಿ ಅಡುಗೆಮನೆಗೆ ಹೋದರು. ನಾನು ಚಿತ್ರದ ಹಾಳೆಗಳನ್ನು ಹರಡಿದೆ. ಆದಮ್ಮ ಹಂಸವನ್ನು ಬದಿಗೆ ಸರಿಸಿ ನವಿಲನ್ನು ಎತ್ತಿ ಗಾಜಿನ ಕೆಳಗೆ ಇಟ್ಟಳು.

"ಅತ್ತಿಗಿ, ಇದು ಲಗೂನ ಮುಗೀತದೇನು?" ಸೂಗಮ್ಮನ ದನಿ ನೆಲಕ್ಕೆ ಕೇಳುವಷ್ಟು ಸಣ್ಣದಾಗಿತ್ತು.

"ನಿನ್ನ ಎರಡನೇ ವರ್ಷದ ಪರೀಕ್ಷಿ ಯಾವಾಗ?"

"ಬರೋ ವರ್ಷ ಬೇಸಿಗಿಗೆ."

ಆದಮ್ಮ ಗಾಜಿನ ಮೇಲೆ ಮೊದಲ ಗೆರೆ ಎಳೆದಳು. ಗೆರೆ ಎಲ್ಲಿಯೂ ನಡುಗಲಿಲ್ಲ. ಆಮೇಲೆ ಎದ್ದು ಹೋಗಿ ಬೀದಿಯ ಕಡೆಯ ಕಿಟಕಿ ತೆರೆದಳು. ಎದುರಿಗೆ ಹಿಟ್ಟಿನ ಗಿರಣಿ ನಡೆಯುತ್ತಿತ್ತು. ಬಿಳಿ ಧೂಳು ನಿಧಾನವಾಗಿ ಒಳಗೆ ಬರತೊಡಗಿತು.