ಶೋಭಕ್ಕನ ಕೇಸಿಗೆ ಅಂಕಲ್ ಕೊಟ್ಟ ಹಣ

ಗೆಳೆಯರೇ, ನನಗೆ ಇನ್ನೂ ಕೋಪ ಇಳಿದಿಲ್ಲ. ಇಲ್ಲಿ ಅಮೆರಿಕದ ಗೋದಾಮೊಂದರಲ್ಲಿ ಕಪ್ಪು ಜನರಿಗೆ ಮಾತ್ರ ಭಾರದ ಕೆಲಸ ಹಚ್ಚುತ್ತಾರೆ ಎಂದು ದೂರು ಕೊಟ್ಟ ನಮ್ಮ ಶೋಭಕ್ಕನನ್ನು ಕೆಲಸದಿಂದ ತೆಗೆದರು. ವಕೀಲರ ಫೀಸು ಕಟ್ಟದಿದ್ದರೆ ಅದರ ವಿರುದ್ಧ ಅವರು ಹಾಕಿದ ಕೇಸೇ ನಿಲ್ಲುತ್ತದೆ. ಹಣ ಕೇಳಲು ಇವತ್ತು ಪಕ್ಕದ ಯೂಲೆಸ್ ಊರಿನ ಕನ್ನಡದ ಅಂಕಲ್ ಒಬ್ಬರ ಮನೆಗೆ ಹೋದೆ.

“ಕರೇ ಮಂದಿ ಜಗಳದಾಗ ಆಕಿಗೇನು ಕೆಲಸಿತ್ತು?” ಎಂದರು ಅಂಕಲ್.

“ಕಂಡಿದ್ದನ್ನ ಹೇಳಿದ್ರು ಅಂಕಲ್” ಎಂದೆ, ಮೆಲ್ಲಗೆ.

“ಆತು, ಕೊಡ್ತೀನಿ. ಆದ್ರ ನನ್ನ ಹೆಸರು ಎಲ್ಲೂ ಬರಬಾರ್ದು ನೋಡು.”

ಗಣೇಶ ಹಬ್ಬದ ಬ್ಯಾನರಿನಲ್ಲಿ ತಮ್ಮ ಹೆಸರು ಸಣ್ಣದಾಯಿತೆಂದು ಜಗಳವಾಡಿ ಬೇರೆ ಬ್ಯಾನರ್ ಮಾಡಿಸಿದವರು ಇವರೇ! ಶೋಭಕ್ಕ ದೂರಿಗೆ ತಮ್ಮ ಹೆಸರು ಹಾಕಿಯೇ ಕೆಲಸ ಕಳೆದುಕೊಂಡರು.

ಹಣ ಇಸಿದುಕೊಂಡು ಬಂದೆ. ಅಂಕಲ್, ಹೆದರಬೇಡಿ, ಇಲ್ಲೂ ನಿಮ್ಮ ಹೆಸರು ಬರೆದಿಲ್ಲ.